ಐದು ಮುಕ್ಕಾಲು ಗಂಟೆಯಲ್ಲಿ ಲಂಡನ್

2024ರ ಬೇಸಿಗೆಯ ವೇಳೆಗೆ ನಾನು ಚಾಮರಾಜನಗರದ ಹತ್ತಿರದ ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅಡ್ಮಿನ್ ಅಸಿಸ್ಟೆಂಟ್ ಆಗಿ ಎರಡು ವರ್ಷ ಪೂರೈಸಿದ್ದೆ. ಹಾಜರಾತಿ, ಗೇಟ್ ಪಾಸ್, ರಜೆ ಅರ್ಜಿ ಇವೆಲ್ಲ ನನ್ನ ಮೇಜಿನ ಮೇಲಿನ ಕೆಲಸಗಳು. ಇವುಗಳ ಜೊತೆಗೆ ಟ್ರಿಪ್ ಶೀಟ್ ಎಂಬುದೊಂದಿತ್ತು. ಕಾರ್ಖಾನೆಯ ಕೆಲಸದ ಮೇಲೆ ಯಾರೇ ಹೊರಗೆ ಹೋಗಲಿ, ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಕಿಲೋಮೀಟರ್, ಎಲ್ಲಿ ಬಸ್ ಬದಲಿಸಬೇಕು, ಎಷ್ಟಕ್ಕೆ ತಲುಪುತ್ತಾರೆ ಎಂದು ಒಂದೇ ಹಾಳೆಯಲ್ಲಿ ಬರೆದು ಕೊಡುವುದು.

ಆ ವರ್ಷದ ಮೇ ಕೊನೆಯ ವಾರದ ಹೊತ್ತಿಗೆ ನಾನು ಮಾಡಿಕೊಟ್ಟ ಟ್ರಿಪ್ ಶೀಟುಗಳು 114. ಕೈಕೊಟ್ಟವು ಎರಡು. ಒಂದರಲ್ಲಿ ಬಸ್ಸು ದಾರಿಯಲ್ಲಿ ಕೆಟ್ಟಿತು, ಇನ್ನೊಂದರಲ್ಲಿ ಹೋಗಬೇಕಾದವರೇ ನಿದ್ದೆಯಿಂದ ಏಳಲಿಲ್ಲ. ಇವೆರಡನ್ನೂ ನಾನು ನನ್ನ ತಪ್ಪುಗಳ ಪಟ್ಟಿಗೆ ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಆ ಪಟ್ಟಿ ಖಾಲಿಯಿತ್ತು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. 115ನೆಯ ಶೀಟ್ ಮಹದೇವಸ್ವಾಮಿಯದು.

ಮಹದೇವಸ್ವಾಮಿ ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಸಿಗುವ ಹಂಗಳದವರು. ಇಪ್ಪತ್ತೊಂಬತ್ತು ವಯಸ್ಸು. ಡೈ ಕಟಿಂಗ್ ಯಂತ್ರದ ಆಪರೇಟರ್. ಅಂದರೆ ರಟ್ಟಿನ ಹಾಳೆಯನ್ನು ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುವ ಯಂತ್ರ ಅವರ ಕೈಯಲ್ಲಿತ್ತು. ಆರು ವರ್ಷದಿಂದ ಗುತ್ತಿಗೆ ನೌಕರಿ. ಇಂಗ್ಲೆಂಡಿನಿಂದ ಇನ್ನೂ ದೊಡ್ಡದೊಂದು ಯಂತ್ರ ಬರುವುದಿತ್ತು. ಅದನ್ನು ತಯಾರಿಸಿದವರು ಕಾರ್ಖಾನೆಯ ಒಬ್ಬ ಆಪರೇಟರನಿಗೆ ಲಂಡನ್ ಹತ್ತಿರ ಮೂರು ವಾರ ತರಬೇತಿ ಕೊಡುತ್ತಿದ್ದರು. ಹೋಗಿ ಪಾಸಾಗಿ ಬಂದವರು ಕಾಯಂ ಟೆಕ್ನಿಷಿಯನ್. ಹೋಗದಿದ್ದರೆ ಆ ಜಾಗ ಬೇರೆ ರಾಜ್ಯದಲ್ಲಿದ್ದ ನಮ್ಮದೇ ಇನ್ನೊಂದು ಘಟಕದವರಿಗೆ.

ಇವರೇ ಆಯ್ಕೆಯಾಗಲು ಒಂದು ವಿಚಿತ್ರ ಕಾರಣವಿತ್ತು. ಮಹದೇವಸ್ವಾಮಿ ಕೊರಳಲ್ಲಿ ಲಿಂಗ ಕಟ್ಟಿದವರು, ಎರಡು ಹೊತ್ತು ಪೂಜೆ ತಪ್ಪಿಸಿದವರಲ್ಲ. ಮಧ್ಯಾಹ್ನ ಉಂಡರೆ ಮತ್ತೆ ಹೊತ್ತು ಮುಳುಗಿ ಸಂಜೆಯ ಪೂಜೆ ಆಗುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ತಂದೆ ತೀರಿಕೊಂಡ ವರ್ಷ ತಾಯಿ ಹಾಕಿಕೊಟ್ಟ ನಿಯಮವದು. ನಾಲ್ಕು ಗಂಟೆಗೆ ಎಲ್ಲರೂ ಟೀ ಕುಡಿಯಲು ಹೋದರೆ ಇವರು ಒಬ್ಬರೇ ಯಂತ್ರದ ಹತ್ತಿರ ಕೂತು ಎಣ್ಣೆ ಹಾಕುತ್ತ, ಬೋಲ್ಟ್ ಬಿಗಿ ಮಾಡುತ್ತ ಇರುತ್ತಿದ್ದರು. ಹೀಗಾಗಿ ಇಡೀ ಕಾರ್ಖಾನೆಯಲ್ಲಿ ಅತಿ ಕಡಿಮೆ ಸಲ ಕೆಟ್ಟು ನಿಂತದ್ದು ಇವರ ಯಂತ್ರ. ಟೀ ಕುಡಿಯದೆ ಲಂಡನ್ನಿಗೆ ಆಯ್ಕೆಯಾದವರು ಇವರೊಬ್ಬರೇ ಇರಬೇಕು.

ಮೇ 27ರ ಸೋಮವಾರ ಮ್ಯಾನೇಜರ್ ನನ್ನನ್ನು ಕರೆದು ಟಿಕೆಟ್ ವಿವರ ಕೊಟ್ಟರು. ಜೂನ್ 16ರ ಭಾನುವಾರ ಬೆಂಗಳೂರಿನಿಂದ ಮಧ್ಯಾಹ್ನ 1:05ಕ್ಕೆ ಹೊರಟು ಸಂಜೆ 6:50ಕ್ಕೆ ಲಂಡನ್. ನಾನು ಎಂದಿನಂತೆ ಎರಡನೆಯದರಿಂದ ಮೊದಲನೆಯದನ್ನು ಕಳೆದೆ. ಐದು ಗಂಟೆ ನಲವತ್ತೈದು ನಿಮಿಷ. ದೂರದ ಕಾಲಮಿನಲ್ಲಿ ಇಂಟರ್‌ನೆಟ್ ನೋಡಿ 8,000 ಕಿ.ಮೀ. ಎಂದು ತುಂಬಿದೆ. ಎರಡು ಅಂಕಿಗಳೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದವು. ಅವು ಒಂದನ್ನೊಂದು ನೋಡಿ ನಗುತ್ತಿದ್ದದ್ದು ನನಗೆ ಕಾಣಲಿಲ್ಲ.

ಮಹದೇವಸ್ವಾಮಿ ಶೀಟ್ ನೋಡಿ ಒಂದೇ ಮಾತು ಹೇಳಿದರು. "ಮೇಡಂ, ನಂದೇನಿಲ್ಲ. ನಮ್ಮವ್ವ ಊಂ ಅಂದ್ರೆ ಓಯ್ತೀನಿ, ಇಲ್ಲ ಅಂದ್ರೆ ಇಲ್ಲ. ನೀವೇ ಒಂದ್ಮಾತು ಏಳಿ." ಹಾಗೆಂದು ಫೋನ್ ಮಾಡಿ ನನ್ನ ಕೈಗೆ ಕೊಟ್ಟುಬಿಟ್ಟರು.

ಅವರ ತಾಯಿ ಪುಟ್ಟಮ್ಮಣ್ಣಿ ಕುಶಲ ಕೇಳುವುದರಲ್ಲಿ ಹೊತ್ತು ಕಳೆಯಲಿಲ್ಲ. "ನೋಡು ಮಗ, ಬೆಳಿಗ್ಗೆ ಪೂಜೆ ಬೆಂಗ್ಳೂರ್ನಲ್ಲೇ ಆಯ್ತದೆ. ಅದು ಬುಡು. ದೀಪ ಅಚ್ಚೋ ಒತ್ನಲ್ಲಿ ಎಲ್ಲಿರ್ತಾನೆ, ಅದ್ನ ಏಳು."

ನಾನು ಶೀಟ್ ನೋಡಿದೆ. ಜೂನ್ ತಿಂಗಳಲ್ಲಿ ಹಂಗಳದಲ್ಲಿ ಸೂರ್ಯ ಮುಳುಗುವುದು ಸರಿಸುಮಾರು 6:50ಕ್ಕೆ. ವಿಮಾನ ಇಳಿಯುವುದೂ 6:50ಕ್ಕೆ! ಇಷ್ಟು ಚೆನ್ನಾಗಿ ಕೂಡಿಬಂದ ಟ್ರಿಪ್ ಶೀಟ್ ಅದುವರೆಗೆ ನನ್ನ ಕೈಯಿಂದ ಬಂದಿರಲಿಲ್ಲ. "ಅಮ್ಮ, ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಇಳೀತಾರೆ. ಪೂಜೆ ಮಾಡಿ ಊಟ ಮಾಡಬಹುದು," ಎಂದೆ.

"ನಿನ್ ಮಾತ್ನ ನಂಬ್ತೀನಿ ಕಣಮ್ಮಿ. ಓಗಿ ಬರ್ಲಿ."

ಆ ದಿನ ನನ್ನ ಡೈರಿಯಲ್ಲಿ ಬರೆದುಕೊಂಡದ್ದು: ಒಪ್ಪಿಗೆ ಸಿಕ್ಕಿತು. ಮಾತಿನ ಅವಧಿ ಮೂರು ನಿಮಿಷ.

ಶೀಟಿನ ಒಂದು ಪ್ರತಿ ನೋಟಿಸ್ ಬೋರ್ಡಿಗೆ ಹೋಯಿತು. ಜೂನ್ 11ರ ಮಂಗಳವಾರ ಬೆಳಿಗ್ಗೆ ಅದರ ಮುಂದೆ ಸಿದ್ದರಾಜಣ್ಣ ನಿಂತಿದ್ದರು. ಗುಂಡ್ಲುಪೇಟೆಯವರು, ಕಾರ್ಖಾನೆಯ ಪೆಟ್ಟಿಗೆಗಳನ್ನು ಊಟಿಗೂ ಕೇರಳಕ್ಕೂ ಹೊತ್ತೊಯ್ಯುವ ಲಾರಿಯ ಡ್ರೈವರ್, ಈ ಕೆಲಸದಲ್ಲಿ ಮೂವತ್ತು ವರ್ಷ. ಲಾರಿ ಡ್ರೈವರುಗಳು ಯಾವ ಕಾಗದ ಕಂಡರೂ ಮೊದಲು ಓದುವುದು ಕಿಲೋಮೀಟರ್, ಆಮೇಲೆ ಗಂಟೆ. ರಾತ್ರಿ ಒಂಬತ್ತಕ್ಕೆ ಬಂಡೀಪುರ ಕಾಡಿನ ರಸ್ತೆಯ ಗೇಟ್ ಮುಚ್ಚುವುದರಿಂದ ನಮ್ಮ ಕಡೆಯ ಡ್ರೈವರುಗಳಿಗೆ ಈ ಭಾಗಾಕಾರ ಉಸಿರಾಟದಷ್ಟೇ ಸಲೀಸು.

"ಏನವ್ವ ಇದು? ಎಂಟ್ ಸಾವ್ರ ಕಿಲೋಮೀಟ್ರು, ಐದ್ ಮುಕ್ಕಾಲ್ ಗಂಟೇನಾ?"

"ಹೌದಣ್ಣ."

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಗಂಟೆಗೆ ಸಾವ್ರದ್ ಮುನ್ನೂರ್ ಚಿಲ್ರೆ ಆಯ್ತದಲ್ಲವ್ವ! ಈ ಲೆಕ್ಕದಲ್ಲಿ ಚಾಮ್ರಾಜ್‌ನಗರ ಬುಟ್ರೆ ಗುಂಡ್ಲುಪೇಟೆಗೆ ಎಲ್ಡ್ ನಿಮ್ಸ ಇಲ್ಲ. ಅದೇನ್ ಇಮಾನವಾ, ಕೋವಿ ಗುಂಡಾ?"

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ನಂತರ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕ್ಯಾಲ್ಕ್ಯುಲೇಟರ್ ತೆಗೆದೆ. 8,000 ಭಾಗಿಸು 5.75, ಬಂದದ್ದು 1,391. ಪ್ರಯಾಣಿಕರ ವಿಮಾನ ಹಾರುವುದು ಗಂಟೆಗೆ ಎಂಟುನೂರು, ಒಂಬೈನೂರು ಕಿಲೋಮೀಟರ್ ವೇಗದಲ್ಲಿ.

ತಪ್ಪು ಸಿಕ್ಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ವಿಮಾನದ ಟಿಕೆಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ನನ್ನ 114 ಶೀಟುಗಳೂ ಭಾರತದೊಳಗಿನವು, ಇಲ್ಲಿ ಎಲ್ಲಿಗೆ ಹೋದರೂ ಗಡಿಯಾರ ಒಂದೇ. ಬೇಸಿಗೆಯಲ್ಲಿ ಲಂಡನ್ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಅವರ 6:50 ಅಂದರೆ ನಮ್ಮ ರಾತ್ರಿ 11:20. ಹಾರಾಟದ ನಿಜವಾದ ಅವಧಿ ಹತ್ತು ಗಂಟೆ ಹದಿನೈದು ನಿಮಿಷ.

ಇಷ್ಟಕ್ಕೇ ಮುಗಿದಿದ್ದರೆ ಶೀಟ್ ತಿದ್ದಿ ಸುಮ್ಮನಾಗಬಹುದಿತ್ತು. ಮನಸ್ಸು ತಡೆಯದೆ ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯಾಸ್ತ ಎಷ್ಟಕ್ಕೆ ಎಂದು ನೋಡಿದೆ. ಅಲ್ಲಿಯ ರಾತ್ರಿ 9:20! ಆ ಊರು ಅಷ್ಟು ಉತ್ತರದಲ್ಲಿದೆ, ಬೇಸಿಗೆಯಲ್ಲಿ ಅಲ್ಲಿ ಹಗಲು ಬೇಗ ಮುಗಿಯುವುದೇ ಇಲ್ಲ. ಅದರ ಮೇಲೆ ವಿಮಾನ ಹಾರುವುದು ಪಶ್ಚಿಮಕ್ಕೆ, ಸೂರ್ಯ ಹೋಗುವ ದಿಕ್ಕಿಗೇ, ಅವನ ಬೆನ್ನು ಹತ್ತಿ. ಬೆಳಿಗ್ಗೆ ಹನ್ನೊಂದಕ್ಕೆ ವಿಮಾನ ನಿಲ್ದಾಣದಲ್ಲಿ ಮನೆಯ ಬುತ್ತಿ ಉಣ್ಣಲಿದ್ದ ಮಹದೇವಸ್ವಾಮಿಗೆ ಮುಂದಿನ ತುತ್ತು ಸಿಕ್ಕುವುದು ನಮ್ಮ ಲೆಕ್ಕದಲ್ಲಿ ನಡುರಾತ್ರಿ ಕಳೆದು 1:50ಕ್ಕೆ. ಹದಿನಾಲ್ಕು ಗಂಟೆ ಐವತ್ತು ನಿಮಿಷದ ಉಪವಾಸ. ಮರುದಿನ ಬೆಳಿಗ್ಗೆ ಎಂಟಕ್ಕೆ ತರಬೇತಿ ಶುರು.

ಮ್ಯಾನೇಜರ್ ಕೇಳಿಸಿಕೊಂಡು ಕನ್ನಡಕ ಒರೆಸಿದರು. "ನೋಡಮ್ಮ, ವೀಸಾ ಆಗಿದೆ, ಟಿಕೆಟ್ ಆಗಿದೆ. ಹಸಿವಾದ್ರೆ ತಿಂತಾನೆ. ಆಕಾಶದಲ್ಲಿ ಯಾರು ನೋಡ್ತಾರೆ? ಆ ತಾಯಿಗೆ ಈಗ ಹೇಳಿದ್ರೆ ಹುಡುಗ ಹೋಗಲ್ಲ. ನೀವು ಹೇಳೋಕೆ ಹೋಗ್ಬೇಡಿ."

ಅವರ ಮಾತಿನಲ್ಲಿ ಅರ್ಥವಿತ್ತು. ಆದರೆ ಮಹದೇವಸ್ವಾಮಿ ತಿನ್ನುವುದಿಲ್ಲ ಎಂಬುದು ಅವರ ಯಂತ್ರ ನೋಡಿದ ಯಾರಿಗಾದರೂ ಗೊತ್ತಿತ್ತು. ಲಂಡನ್ನಿನಲ್ಲಿ ಇಳಿದು, ನನ್ನ ಶೀಟ್ ಕೈಯಲ್ಲಿ ಹಿಡಿದು, ಮುಳುಗದ ಸೂರ್ಯನನ್ನು ನೋಡುತ್ತ ಕೂರುವವರು ಅವರು. ಆ ತಾಯಿ ನಂಬಿದ್ದು ವಿಮಾನವನ್ನಲ್ಲ, ನನ್ನ ಮಾತನ್ನು. ಮಹದೇವಸ್ವಾಮಿಯ ಕಾಯಂ ನೌಕರಿ ನನ್ನ ಒಂದು ತಪ್ಪು ಕಳೆಯುವ ಲೆಕ್ಕದ ಮೇಲೆ ನಿಂತಿದೆ ಎಂದು ಆ ರಾತ್ರಿ ಡೈರಿಯಲ್ಲಿ ಬರೆದುಕೊಂಡೆ.

ಜೂನ್ 13ರ ಗುರುವಾರ ಅರ್ಧ ದಿನ ರಜೆ ಹಾಕಿದೆ. ಊಟಿಗೆ ಲೋಡ್ ಹೊರಟಿದ್ದ ಸಿದ್ದರಾಜಣ್ಣ ಹಂಗಳದ ಮೇಲೇ ಹೋಗುವವರು, "ನಾನೇ ಬುಡ್ತೀನಿ ಬಾರವ್ವ, ತಪ್ಪು ಕಂಡಿಡ್ದವನು ನಾನಲ್ವಾ" ಎಂದರು. ತಂಗಿಯ ಗ್ಲೋಬನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯ ಕ್ಯಾಬಿನ್ನಿನಲ್ಲಿ ಕೂತೆ. ದಾರಿಯ ಪ್ರತಿ ಹಂಪಿನಲ್ಲೂ ಭೂಮಿ ಒಂದು ಸುತ್ತು ತಿರುಗಿತು.

ಹಂಗಳದಲ್ಲಿ ಇಳಿದಾಗ ನಾಲ್ಕು ಗಂಟೆ. ಪುಟ್ಟಮ್ಮಣ್ಣಿ ಜಗುಲಿಯ ಮೇಲೆ ಮಗನ ಪ್ರಯಾಣಕ್ಕೆಂದು ಹುರಿಗಡಲೆ ಪುಡಿ ಜರಡಿ ಹಿಡಿಯುತ್ತಿದ್ದರು. ಮಹದೇವಸ್ವಾಮಿ ಹೊಸ ಸೂಟ್‌ಕೇಸಿನ ಬೀಗ ತೆಗೆದು ಹಾಕಿ ಅಭ್ಯಾಸ ಮಾಡುತ್ತಿದ್ದರು. ನಾನು ಕೂರುವ ಮೊದಲೇ ಹೇಳಿಬಿಟ್ಟೆ. "ಅಮ್ಮ, ನಾನು ಹೇಳಿದ ಸಮಯ ತಪ್ಪು. ಅವರು ಇಳಿದ ಮೇಲೂ ಎರಡೂವರೆ ಗಂಟೆ ಅಲ್ಲಿ ಬಿಸಿಲಿರುತ್ತೆ."

ಅವರ ಕೈ ಜರಡಿಯಲ್ಲೇ ನಿಂತಿತು. "ಅಂಗಾರೆ ಉಣ್ಣದು ಯಾವಾಗ?"

"ಉಂಡು ಹದಿನೈದು ಗಂಟೆ ಆದ ಮೇಲೆ."

"ಅಂಗಾರೆ ಓಗದೇ ಬ್ಯಾಡ."

ಮಹದೇವಸ್ವಾಮಿ ಸೂಟ್‌ಕೇಸ್ ಮುಚ್ಚಿದರು. "ಬುಡವ್ವ, ನಾನ್ ಓಗಲ್ಲ," ಎಂದರು. ಬೇಸರದ ಮಾತಾಗಿರಲಿಲ್ಲ ಅದು. ಆರು ವರ್ಷ ಕಾದವರು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ನಾನು ನೆಲ ನೋಡಿದೆ.

ಸಿದ್ದರಾಜಣ್ಣ ಮಾತ್ರ ಜಗುಲಿಯ ಅಂಚಿಗೆ ಕೂತು, "ಅಕ್ಕ, ಬ್ಯಾಡ ಅನ್ನಕ್ ಮುಂಚೆ ದಾರಿ ಒಂದ್ಸಲ ನೋಡ್ಬುಡು. ನಾನು ಮೂವತ್ತೊರ್ಸ ಲಾರಿ ಓಡ್ಸಿದೀನಿ, ದಾರಿ ನೋಡ್ದೆ ಯಾವ ಲೋಡೂ ವಾಪಸ್ ಕಳ್ಸಿಲ್ಲ," ಎಂದರು. ಗ್ಲೋಬನ್ನು ನನ್ನ ಕೈಯಿಂದ ತೆಗೆದು ಅವರ ಮುಂದಿಟ್ಟರು.

ನಮ್ಮ ಊರು ಎಲ್ಲಿ ಎಂದು ಪುಟ್ಟಮ್ಮಣ್ಣಿ ಕೇಳಿದರು. ತೋರಿಸಿದೆ. ಅವರು ವಿಭೂತಿ ಗಟ್ಟಿಯಿಂದ ಅಲ್ಲೊಂದು ಚುಕ್ಕೆ ಇಟ್ಟರು.

"ಇಷ್ಟ್ ಸಣ್ದಾ ನಮ್ಮೂರು?"

"ಸಣ್ದಾ? ಆ ಚುಕ್ಕೆ ಕೆಳ್ಗೆ ಗುಂಡ್ಲುಪೇಟೆ, ಮೈಸೂರು, ಬೆಂಗ್ಳೂರು ಎಲ್ಲಾ ಮುಚ್ಚೋಗದೆ ಕಣಕ್ಕ!" ಎಂದರು ಸಿದ್ದರಾಜಣ್ಣ.

ಲಂಡನ್ ಮೇಲೆ ಇನ್ನೊಂದು ಚುಕ್ಕೆ. ಆ ಗ್ಲೋಬಿನ ಸುತ್ತಳತೆ 64 ಸೆಂಟಿಮೀಟರ್, ಭೂಮಿಯದು 40,000 ಕಿಲೋಮೀಟರ್. ಒಂದು ಸೆಂಟಿಮೀಟರಿಗೆ 625 ಕಿಲೋಮೀಟರ್. ಹೂ ಕಟ್ಟುವ ದಾರದಿಂದ ಎರಡು ಚುಕ್ಕೆಗಳ ನಡುವೆ ಅಳೆದೆ, 12.8 ಸೆಂಟಿಮೀಟರ್. ಎಂಟು ಸಾವಿರ ಸರಿ ಇತ್ತು. ಆಮೇಲೆ ಗ್ಲೋಬನ್ನು ಜಗುಲಿಗೆ ಬೀಳುತ್ತಿದ್ದ ಇಳಿಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿದೆ. ನಮ್ಮ ಚುಕ್ಕೆ ನೆರಳಿಗೆ ಸರಿಯಿತು. ಲಂಡನ್ ಚುಕ್ಕೆ ಇನ್ನೂ ಬಿಸಿಲಿನಲ್ಲೇ ಹೊಳೆಯುತ್ತಿತ್ತು.

ಪುಟ್ಟಮ್ಮಣ್ಣಿ ನನ್ನ ಕೈ ತಡೆದರು. "ತಡಿ ಮಗ. ಇಲ್ಲಿ ಒತ್ತು ಮುಳುಗ್ದಾಗ ಅವ್ನು ಈ ದಾರದ ಮ್ಯಾಲೆ ಎಲ್ಲಿರ್ತಾನೆ?"

ಲೆಕ್ಕ ಹಾಕಿದೆ. ಹೊರಟು ಐದು ಮುಕ್ಕಾಲು ಗಂಟೆಗೆ ಇಲ್ಲಿ 6:50. ಹತ್ತು ಕಾಲು ಗಂಟೆಯ ದಾರಿಯಲ್ಲಿ ಅಷ್ಟೊತ್ತಿಗೆ ಸುಮಾರು 4,500 ಕಿಲೋಮೀಟರ್ ಹೋಗಿರುತ್ತಾರೆ. ದಾರದ ಮೇಲೆ 7.2 ಸೆಂಟಿಮೀಟರ್, ಕ್ಯಾಸ್ಪಿಯನ್ ಸಮುದ್ರದ ಆಸುಪಾಸು. ಬೆರಳಿಟ್ಟು ತೋರಿಸಿದೆ.

"ಅಲ್ಲಿ ನೆಲ ಅದಾ?"

"ಇಲ್ಲಮ್ಮ, ಆಕಾಶದಲ್ಲಿರ್ತಾರೆ."

"ಆಕಾಸ ಯಾರೂರ್ದು? ಯಾರೂರ್ದೂ ಅಲ್ಲ. ಅಂಗಾರೆ ಅವ್ನ ಮನೆ ಎಲ್ಲದೋ ಆ ಊರ್ನ ಒತ್ತೇ ಅವ್ನ ಒತ್ತು. ನಮ್ಮೂರಲ್ಲಿ ಮುಳುಗ್ದಾಗ ಪೂಜೆ ಮಾಡ್ಲಿ, ಉಣ್ಣಲಿ. ಕಿಟಕೀಲಿ ಬಿಸಿಲಿದ್ರೆ ಇರ್ಲಿ ಬುಡು."

ನನ್ನ ಎದೆಯಿಂದ ಒಂದು ಮೂಟೆ ಇಳಿಯಿತು. ಆದರೆ ಲೆಕ್ಕದ ಚಟ ಸುಮ್ಮನಿರಲು ಬಿಡಲಿಲ್ಲ. "ಅಮ್ಮ, ಹಾಗಾದ್ರೆ ಅಲ್ಲಿರೋ ಮೂರು ವಾರವೂ ನಮ್ಮೂರಿನ ಹೊತ್ತಾ? ನಮ್ಮ 6:50 ಅಂದ್ರೆ ಅಲ್ಲಿ ಮಧ್ಯಾಹ್ನ 2:20. ತರಬೇತಿ ನಡೀತಿರುತ್ತೆ."

ಸಿದ್ದರಾಜಣ್ಣ ನನ್ನನ್ನು ದುರುಗುಟ್ಟಿ ನೋಡಿದರು. ತೆರೆದ ಗೇಟನ್ನು ತಾನೇ ಮುಚ್ಚುವವರನ್ನು ನೋಡುವ ನೋಟ ಅದು.

ಪುಟ್ಟಮ್ಮಣ್ಣಿ ಯೋಚಿಸಲೂ ಇಲ್ಲ. "ಕಾಲು ಊರಿದ್ ಮ್ಯಾಲೆ ಆ ನೆಲದ ಒತ್ತು ಕಣಮ್ಮಿ. ಅಲ್ಲಿ ನೀರು ಕುಡ್ದು ಇಲ್ಲೀ ಒತ್ತು ನೋಡಕಾಯ್ತದಾ?"

ಈಗ ಮಗನಿಗೆ ಸಂಶಯ. "ಅವ್ವ, ಇಳ್ದ ದಿನ ಅಲ್ಲೂ ಒತ್ತು ಮುಳುಗ್ತದಲ್ಲ. ನಾನು ಇಮಾನದಲ್ಲಿ ಆಗ್ಲೇ ಪೂಜೆ ಮಾಡಿರ್ತೀನಿ."

"ಇನ್ನೊಂದ್ಸಲ ಮಾಡ್ಲಾ. ಲಿಂಗಕ್ಕೇನು ಬೇಜಾರಾ?"

"ಮತ್ತೆ ಊಟ?"

"ಪೂಜೆ ಮಾಡಿ ಉಣ್ದೆ ಮಲಗ್ತೀಯಾ? ಉಣ್ಣು ಇನ್ನೊಂದ್ಸಲ."

ಮಹದೇವಸ್ವಾಮಿಯ ಮುಖ ಅರಳಿತು. ಸೂಟ್‌ಕೇಸ್ ಮತ್ತೆ ತೆರೆಯಿತು. ನಾನು ಅಲ್ಲೇ ಕೂತು ಶೀಟನ್ನು ಹೊಸದಾಗಿ ಬರೆದೆ: ವಿಮಾನದಲ್ಲಿ ಭಾರತದ ಸಮಯ, ಇಳಿದ ಮೇಲೆ ಲಂಡನ್ ಸಮಯ, ಮೊದಲ ದಿನ ಸಂಜೆ ಎರಡು.

ಅವರು ಹೋದರು. ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಮೇಜಿಗೆ ಬರುವಷ್ಟರಲ್ಲಿ ವಾಟ್ಸಾಪಿನಲ್ಲಿ ಆರು ನಿಮಿಷದ ಧ್ವನಿ ಸಂದೇಶ ಕಾಯುತ್ತಿತ್ತು. ಹೊರಟು ಸ್ವಲ್ಪ ಹೊತ್ತಿಗೇ ಗಗನಸಖಿ ಊಟದ ಟ್ರೇ ಕೊಟ್ಟಿದ್ದಾಳೆ. ಇವರು ಮುಟ್ಟಲಿಲ್ಲ. ಆಕೆ ಟ್ರೇ ವಾಪಸ್ ತೆಗೆಯಲು ಮೂರು ಸಲ ಬಂದಳಂತೆ, ಮೂರು ಸಲವೂ ಇವರು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರಂತೆ. ಪಕ್ಕದ ಸೀಟಿನಲ್ಲಿ ಕೇರಳದ ಒಬ್ಬ ನರ್ಸ್. ಗುಂಡ್ಲುಪೇಟೆ ತರಕಾರಿ ಮಾರುಕಟ್ಟೆಯಲ್ಲಿ ಕಲಿತ ಮಲಯಾಳದಲ್ಲಿ ಇವರು ಆಕೆಗೆ ವಿಷಯ ತಿಳಿಸಿದ್ದಾರೆ. ಆ ಮಲಯಾಳದಲ್ಲಿ ಬೀನ್ಸ್, ಟೊಮೆಟೊ ಬಿಟ್ಟು ಬೇರೆ ಮಾತು ಕಡಿಮೆ. ಆದರೂ ಆಕೆಗೆ ಅರ್ಥವಾಗಿ, ಗಗನಸಖಿಗೆ ಇಂಗ್ಲಿಷಿನಲ್ಲಿ ಹೇಳಿ ಟ್ರೇ ಉಳಿಸಿಕೊಟ್ಟಳು. 6:50 ಆದಾಗ ತಾನೇ ಭುಜ ತಟ್ಟಿ ಎಚ್ಚರಿಸಿದಳು.

"ಕಿಟಕೀಲಿ ಕಣ್ ಬುಡಕ್ಕಾಗ್ದಂಗೆ ಬಿಸಿಲು ಮೇಡಂ. ಪರದೆ ಎಳ್ಕೊಂಡೆ. ಅಂಗೈ ಮ್ಯಾಲೆ ಲಿಂಗ ಇಟ್ಕೊಂಡು ಕಣ್ಮುಚ್ದೆ. ನಮ್ಮನೇಲಿ ಅವ್ವ ದೀಪ ಅಚ್ತಾ ಇರ್ತಾಳೆ ಅನ್ಕೊಂಡೆ, ಸಂಜೆ ಆಗೋಯ್ತು," ಎಂದಿದ್ದರು. ಅಲ್ಲಿ ಇಳಿದ ಮೇಲೆ 9:20ಕ್ಕೆ ಮತ್ತೊಮ್ಮೆ ಪೂಜೆ, ಹುರಿಗಡಲೆ ಪುಡಿಯ ಜೊತೆ ಎರಡನೆಯ ಊಟ. ತರಬೇತಿಗೆ ಐದು ನಿಮಿಷ ಮೊದಲೇ ಹಾಜರು.

ನಾನು ನಿಶ್ಚಿಂತೆಯಾಗಿದ್ದೆ. ವಾಪಸಿನ ಶೀಟ್ ಸರಿನೋಡಲು ಕೂತದ್ದು ಜುಲೈ 4ರ ಗುರುವಾರ. ಜುಲೈ 7ರಂದು ಲಂಡನ್ನಿನಿಂದ ವಿಮಾನ ಹೊರಡುವುದು ಅಲ್ಲಿಯ ರಾತ್ರಿ 8:30ಕ್ಕೆ. ಆಗ ಅಲ್ಲಿ ಇನ್ನೂ ಬಿಸಿಲು, ಆದ್ದರಿಂದ ನೆಲದ ಸಂಜೆ ಆಗಿಲ್ಲ. ವಿಮಾನ ಏರಿದ ಕೂಡಲೇ ನಮ್ಮೂರಿನ ಹೊತ್ತು. ಆಗ ಇಲ್ಲಿ ನಡುರಾತ್ರಿ ದಾಟಿ ಒಂದು ಗಂಟೆ, ಇಲ್ಲಿಯ ಸಂಜೆ ಮುಗಿದು ಆರು ಗಂಟೆಯ ಮೇಲಾಗಿರುತ್ತದೆ. ಎರಡು ಸಲ ತಿದ್ದಿ ಬರೆದೆ, ಮೂರು ಸಲ ಕೂಡಿದೆ. ಆ ದಿನ ಮಹದೇವಸ್ವಾಮಿಯ ಪಾಲಿಗೆ ಸಂಜೆಯೇ ಇರಲಿಲ್ಲ. ಎಲ್ಲೋ ಲಂಡನ್ ರನ್‌ವೇ ಮತ್ತು ಹಂಗಳದ ಜಗುಲಿಯ ನಡುವೆ ಇಡೀ ಒಂದು ಸಂಜೆ ಬಿದ್ದುಹೋಗಿತ್ತು.

ಈ ಸಲ ಮ್ಯಾನೇಜರನ್ನು ಕೇಳಲು ಹೋಗಲಿಲ್ಲ. ನೇರವಾಗಿ ಪುಟ್ಟಮ್ಮಣ್ಣಿಗೆ ಫೋನ್ ಮಾಡಿ ವಿವರಿಸಿದೆ. ಹೊರಡುವ ದಿನ ಮಧ್ಯಾಹ್ನ ಉಂಡರೆ, ಮರುದಿನ ನಮ್ಮೂರಿನ ಬೆಳಗಿನ ಪೂಜೆಯವರೆಗೆ ಊಟವಿಲ್ಲ ಎಂದೆ. ಆ ಕಡೆ ಅವರು ಬಾಯಲ್ಲೇ ಏನೋ ಎಣಿಸಿಕೊಂಡರು. ಆಮೇಲೆ ನಗು.

"ಓಗ್ತಾ ಎಲ್ಡ್ ಸಂಜೆ ಉಂಡವ್ನೆ, ಬತ್ತಾ ಒಂದ್ ಸಂಜೆ ಅಸ್ಕೊಂಡ್ ಬರ್ಲಿ ಬುಡು ಮಗ. ಸರಿ ಓಯ್ತಲ್ಲ!"

ನಾನು ಎರಡು ಪುಟ ಲೆಕ್ಕ ಹಾಕಿ ಕಂಡುಹಿಡಿಯದೆ ಹೋದದ್ದು ಅದು. ಹೋದ ದಿನದಿಂದ ಬಂದ ದಿನದವರೆಗೆ ಹಂಗಳದಲ್ಲಿ ಮುಳುಗಿದ ಹೊತ್ತುಗಳನ್ನು ಎಣಿಸಿದೆ. ಮಹದೇವಸ್ವಾಮಿ ಮಾಡಿದ, ಮಾಡಲಿರುವ ಸಂಜೆಯ ಪೂಜೆಗಳನ್ನೂ ಎಣಿಸಿದೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಮಹದೇವಸ್ವಾಮಿ ಜುಲೈ 8ರಂದು ಪಾಸಾದ ಪತ್ರ ಹಿಡಿದು ಬಂದರು. ಮುಂದಿನ ತಿಂಗಳಿಂದ ಕಾಯಂ. ಈಗಲೂ ನಾಲ್ಕು ಗಂಟೆಗೆ ಟೀ ಕುಡಿಯುವುದಿಲ್ಲ, ಹೊಸ ಯಂತ್ರವೂ ಕೆಡುವುದಿಲ್ಲ.

ನನ್ನ ತಪ್ಪುಗಳ ಪಟ್ಟಿಯಲ್ಲಿ ಮೊದಲ ಸಾಲು 115ನೆಯ ಶೀಟಿನದು, ಅದನ್ನು ಅಳಿಸಿಲ್ಲ. ಗಂಟೆ ಬರೆದರೆ ಸಾಲದು, ಯಾವ ಊರಿನ ಗಂಟೆ ಎಂದೂ ಬರೆಯಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಅಂಕಿ ತಪ್ಪಾದರೆ, ಅದರಿಂದ ಹಸಿದಿರಬೇಕಾದವರಿಗೆ ಮೊದಲು ಹೇಳಬೇಕು. ದಾರಿ ಅವರಿಗೇ ಗೊತ್ತಿರಬಹುದು. ಅಂದಿನಿಂದ ಟ್ರಿಪ್ ಶೀಟಿನಲ್ಲಿ ಹೊಸದೊಂದು ಕಾಲಂ ಸೇರಿಸಿದ್ದೇನೆ: ಕೊನೆಯ ಊಟದಿಂದ ಮುಂದಿನ ಊಟಕ್ಕೆ ಎಷ್ಟು ಗಂಟೆ. ಇದೆಲ್ಲ ಆಫೀಸಿನ ಕಾಗದದಲ್ಲಿ ಯಾಕೆ ಎಂದು ಮ್ಯಾನೇಜರ್ ಮೊದಲಿಗೆ ಗೊಣಗಿದರು. ಮೊನ್ನೆ ದೆಹಲಿಗೆ ಹೊರಟಾಗ ಶೀಟ್ ಕೈಗೆ ಬಂದ ಕೂಡಲೇ ಅವರ ಬೆರಳು ಮೊದಲು ಹೋದದ್ದು ಆ ಕಾಲಮಿಗೇ.